ವಾಲಿಯ ಎದುರು ನಿಂತು

ಬಿಲ್ಲು ಹಿಡಿದ ಮೊದಲ ದಿನವೇ ನನ್ನ ಕಿವಿ ಕೈಕೊಟ್ಟಿತು. "ಎಳೀರಿ ಅಂಕಲ್, ಇನ್ನೂ ಎಳೀರಿ, ಈಗ ವ್ಯಾಲಿ ಬರುತ್ತೆ, ಅಲ್ಲಿ ನಿಲ್ಲಿ" ಎಂದರು ಕೋಚ್. ನನಗೆ ಕೇಳಿಸಿದ್ದು ವಾಲಿ. ಕಿಷ್ಕಿಂಧೆಯ ವಾಲಿ. ಬಿಲ್ಲಿನ ಮಾತು ಬಂದ ಕಡೆ ಅವನ ಹೆಸರು ಬರುವುದು ಸಹಜವೇ ಎಂದುಕೊಂಡು ಹಲ್ಲು ಕಚ್ಚಿ ಎಳೆದೆ. ಶುರುವಿನಲ್ಲೇ ಬಾವಿಯಿಂದ ರುಬ್ಬುಗುಂಡು ಸೇದಿದಷ್ಟು ಭಾರ. ಭುಜ ಕಿವಿಯನ್ನು ಮುಟ್ಟುವಷ್ಟು ಮೇಲೇರಿತು. ಆಮೇಲೆ, ಇನ್ನು ನನ್ನಿಂದಾಗದು ಅನ್ನುವ ಹೊತ್ತಿಗೆ, ಭಾರವೆಲ್ಲ ಇದ್ದಕ್ಕಿದ್ದ ಹಾಗೆ ಇಳಿದುಹೋಯಿತು. ಹಗ್ಗಜಗ್ಗಾಟದಲ್ಲಿ ಎದುರಿನವರು ಮಾತಾಡಿಕೊಂಡು ಹಗ್ಗ ಬಿಟ್ಟರೆ ಏನಾಗುತ್ತದೋ ಅದೇ ಆಯಿತು. ಬೀಳಲಿಲ್ಲ, ಆದರೆ ನಿಂತೆ ಎಂದೂ ಹೇಳಲಾರೆ.

ಮೇಷ್ಟ್ರು ಹೇಳಿದ್ದು ಇಂಗ್ಲಿಷಿನ ವ್ಯಾಲಿ, ಅಂದರೆ ಕಣಿವೆ, ಎಂದು ತಿಳಿದದ್ದು ಆಮೇಲೆ. (ಅವರು ನನ್ನ ಮಗನಿಗಿಂತ ಚಿಕ್ಕವರು. ಆದರೂ ಹೇಳಿಕೊಟ್ಟವರು ಮೇಷ್ಟ್ರೇ.) ತಿಳಿದ ಮೇಲೂ ನನಗೆ ವಾಲಿಯೇ ಸರಿ ಅನ್ನಿಸಿತು. ಎದುರು ನಿಂತವನ ಅರ್ಧ ಬಲ ವಾಲಿಗೆ ಹೋಗುತ್ತಿತ್ತಂತೆ. ನಾನು ಹಿಡಿದಿದ್ದ, ತುದಿಗಳಲ್ಲಿ ಚಕ್ರವಿರುವ ಕಾಂಪೌಂಡ್ ಬಿಲ್ಲಿನ ಈ ಜಾಗ ಅವನನ್ನೂ ಮೀರಿಸಿದ್ದು: ಐವತ್ತು ಪೌಂಡಿನ ಬಿಲ್ಲಿನಿಂದ ನಲವತ್ತು ಪೌಂಡು ಕಿತ್ತುಕೊಂಡು ಹತ್ತನ್ನು ಮಾತ್ರ ನಮ್ಮ ಬೆರಳಿಗೆ ಬಿಡುತ್ತದೆ. ಇದಕ್ಕೆ ಲೆಟ್‌ಆಫ್ ಎನ್ನುತ್ತಾರೆ. ಎಂಬತ್ತು ಪರ್ಸೆಂಟ್ ಲೆಟ್‌ಆಫ್ ಎಂದು ಮೇಷ್ಟ್ರು ಹೇಳಿದಾಗ ನನಗೆ ಆಷಾಢದ ಸೀರೆ ಅಂಗಡಿ ನೆನಪಾಯಿತು. ಅಷ್ಟು ರಿಯಾಯಿತಿ ಕೊಡುವವನು ಬೇರೆಲ್ಲೋ ವಸೂಲು ಮಾಡಿಕೊಂಡಿರುತ್ತಾನೆ ಎಂಬ ಅನುಮಾನವೂ ಅಲ್ಲೇ ಹುಟ್ಟಿತು.

ಅನುಮಾನಕ್ಕೆ ಕಾರಣ ನನ್ನ ಹಳೆಯ ಕೆಲಸ. ಮೂವತ್ತೊಂದು ವರ್ಷ ನಾನು ಪೀಣ್ಯದ ಶೆಡ್ಡುಗಳಲ್ಲಿ ಟ್ರಾಬ್ ಆಟೋಮ್ಯಾಟಿಕ್ ಲೇತುಗಳ ಸೆಟ್ಟರ್ ಆಗಿದ್ದವನು. ಆ ಯಂತ್ರಕ್ಕೆ ಬುದ್ಧಿ ಇರುವುದು ಕಂಪ್ಯೂಟರಿನಲ್ಲಲ್ಲ, ಕ್ಯಾಮಿನಲ್ಲಿ. ಅಂಗೈಯಗಲದ ಉಕ್ಕಿನ ತಟ್ಟೆ, ಅಂಚು ಮಾತ್ರ ಗುಂಡಗಿಲ್ಲ. ತಟ್ಟೆ ತಿರುಗುತ್ತಾ ಏರು ಬಂದಾಗ ಲಿವರ್ ಮೇಲೇಳುತ್ತದೆ, ಟೂಲ್ ಒಳಗೆ ಹೋಗುತ್ತದೆ. ಸಮ ಬಂದಾಗ ಅಲ್ಲೇ ನಿಂತು ನುಣುಪು ಮಾಡುತ್ತದೆ. ಇಳಿಜಾರು ಬಂದಾಗ ಹಿಂದಕ್ಕೆ ಸರಿಯುತ್ತದೆ. ಪ್ರತಿ ಬಿಡಿಭಾಗಕ್ಕೂ ಹೊಸ ಕ್ಯಾಮ್. ಕಾಗದದ ಮೇಲೆ ವೃತ್ತ ಬರೆದು, ನೂರು ಭಾಗ ಮಾಡಿ, ಎಷ್ಟನೆಯ ಗೆರೆಯಿಂದ ಎಷ್ಟನೆಯ ಗೆರೆಗೆ ಏರಬೇಕು ಎಂದು ಲೆಕ್ಕ ಹಾಕಿ, ತಗಡು ಕತ್ತರಿಸಿ, ಅರದಿಂದ ಉಜ್ಜುವುದು ನನ್ನ ಕಸುಬಾಗಿತ್ತು. ಏರು ತುಸು ಕಡಿದಾದರೂ ರೋಲರ್ ಒದ್ದಾಡುತ್ತಿತ್ತು, ಟೂಲಿನ ಮೊನೆ ಮುರಿಯುತ್ತಿತ್ತು, ಓನರ್ ಮುಖ ಕೆಂಪಾಗುತ್ತಿತ್ತು. ಹೀಗಾಗಿ ಬಿಲ್ಲಿನ ಎರಡು ತುದಿಯಲ್ಲಿ ನೇತಾಡುವ ಆ ಡೊಂಕು ಚಕ್ರಗಳನ್ನು ನೋಡಿದಾಗ ನನಗೆ ಪರದೇಶದಲ್ಲಿ ನಮ್ಮೂರಿನವನು ಸಿಕ್ಕಷ್ಟು ಸಂತೋಷ. ನಿವೃತ್ತಿಯ ಮೇಲೆ ಬಿಲ್ಲುಗಾರಿಕೆಗೆ ಬಂದದ್ದೇಕೆ ಎಂದು ಕೇಳುವವರಿಗೆ ನಾನು ವ್ಯಾಯಾಮ ಎನ್ನುತ್ತೇನೆ. ನಿಜ ಹೇಳಿದರೆ ಯಾರು ನಂಬುತ್ತಾರೆ?

ಒಲಿಂಪಿಕ್‌ನಲ್ಲಿ ನಾವು ನೋಡುತ್ತ ಬಂದ ರಿಕರ್ವ್ ಬಿಲ್ಲಿಗೂ ನಮ್ಮ ಪುರಾಣದ ಬಿಲ್ಲಿಗೂ ಒಂದೇ ನ್ಯಾಯ: ಎಳೆದಷ್ಟೂ ಭಾರ. ಪೂರ್ತಿ ಎಳೆದು ಗುರಿ ಹಿಡಿಯುವಾಗ, ಅಂದರೆ ಕೈ ಅಲುಗಬಾರದ ಹೊತ್ತಿನಲ್ಲೇ, ಅತಿ ಹೆಚ್ಚು ಭಾರ. ಈ ಅನ್ಯಾಯವನ್ನು ತಿರುಗಿಸಿದವನು ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಎಂಬ ಬೇಟೆಗಾರ. ರಿಕರ್ವ್ ಬಿಲ್ಲಿನ ತುದಿಗಳನ್ನು ಗರಗಸದಿಂದ ಕೊಯ್ದು ಅಲ್ಲಿ ರಾಟೆ ಕೂರಿಸಿದ ಈ ಮಹಾಶಯನಿಗೆ 1969ರ ಡಿಸೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಅವನ ಉಪಾಯ ನನಗೆ ಅರ್ಥವಾದದ್ದು ಅಜ್ಜಿಯ ಊರಿನ ಬಾವಿಯಿಂದ. ಅಲ್ಲಿಯ ರಾಟೆಯ ತೂತು ಸವೆದು ಸವೆದು ಒಂದು ಕಡೆಗೆ ಜರುಗಿತ್ತು. ನೀರು ಸೇದುವಾಗ ಪ್ರತಿ ಸುತ್ತಿಗೂ ಒಮ್ಮೆ ಭಾರ, ಒಮ್ಮೆ ಹಗುರ. ಅಜ್ಜಿ ಅದನ್ನು ಕುಂಟ ರಾಟೆ ಎಂದು ಬೈಯುತ್ತಿದ್ದಳು. ಆಲೆನ್ ಮಾಡಿದ್ದು ಬೇಕೆಂದೇ ಕುಂಟಾಗಿಸಿದ ರಾಟೆ. ಮೊದಮೊದಲು ಅದು ಗುಂಡಗೇ ಇತ್ತು, ಆಕ್ಸಲ್ ಮಾತ್ರ ನಡುವಿನಿಂದ ಸರಿದಿತ್ತು. ಆಮೇಲೆ ಬಂದವರು ಅಂಚನ್ನೇ ಡೊಂಕು ಮಾಡಿದರು. ರಾಟೆ ಕ್ಯಾಮ್ ಆಯಿತು.

ಒಂದೊಂದು ಕ್ಯಾಮಿನಲ್ಲೂ ಎರಡು ಜಾಡು: ಒಂದರಲ್ಲಿ ಹೆದೆ, ಇನ್ನೊಂದರಲ್ಲಿ ಕೇಬಲ್. ನಾವು ಹೆದೆ ಎಳೆದಂತೆ ಕ್ಯಾಮ್ ಹೊರಳಿ ಹೆದೆಯನ್ನು ಬಿಚ್ಚುತ್ತದೆ, ಅದೇ ಹೊತ್ತಿಗೆ ಕೇಬಲನ್ನು ಸುತ್ತಿಕೊಂಡು ಬಿಲ್ಲಿನ ಗಟ್ಟಿ ತೋಳುಗಳನ್ನು ಬಗ್ಗಿಸುತ್ತದೆ. ಆಕ್ಸಲಿನಿಂದ ಹೆದೆ ಎಷ್ಟು ದೂರ, ಕೇಬಲ್ ಎಷ್ಟು ದೂರ ಎನ್ನುವುದರ ಮೇಲೆ ಎಲ್ಲ ಆಟ. ಶುರುವಿನಲ್ಲಿ ಹೆದೆ ಆಕ್ಸಲಿಗೆ ಹತ್ತಿರ, ಕೇಬಲ್ ದೂರ. ಗಿಡ್ಡ ಸಲಾಕೆಯಿಂದ ಬಂಡೆ ಮೀಟಿದಂತೆ, ಭಾರ. ಕೊನೆಯಲ್ಲಿ ಅದು ಅದಲುಬದಲು: ಉದ್ದ ಸಲಾಕೆ ನಮ್ಮ ಕೈಗೆ ಬರುತ್ತದೆ, ಬಂಡೆ ಬೆರಳಿನಲ್ಲಿ ನಿಲ್ಲುತ್ತದೆ. ಬಗ್ಗಿದ ತೋಳಿನಲ್ಲಿ ಶಕ್ತಿಯೆಲ್ಲ ಹಾಗೇ ಇದೆ. ನಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಹಾಗಾದರೆ ಎಲ್ಲ ಕ್ಯಾಮೂ ಒಂದೇ ಅಲ್ಲವೇ ಎಂದರೆ, ಅಲ್ಲೇ ನಾನು ಎಡವಿದ್ದು. ಪರಿಚಯದವರೊಬ್ಬರು ವಿದೇಶದಿಂದ ತಂದು, ಮೂರು ಬಾರಿ ಎಳೆದು, ಅಟ್ಟಕ್ಕೆ ಹಾಕಿದ್ದ ಬಿಲ್ಲನ್ನು ನಾನು ಅರ್ಧ ಬೆಲೆಗೆ ಕೊಂಡಿದ್ದೆ. ಅದು ಬೇಟೆಯ ಬಿಲ್ಲು. ಈ ಆಕ್ಸಲಿನಿಂದ ಆ ಆಕ್ಸಲಿಗೆ ಮೂವತ್ತೇ ಇಂಚು. ಮರದ ಮೇಲಿನ ಅಟ್ಟಣೆಯಲ್ಲಿ ಕೂತವನಿಗೆ ಕೊಂಬೆ ತಾಗದಿರಲೆಂದು ಅಷ್ಟು ಗಿಡ್ಡ. ಅದರ ಹಾಳೆಯಲ್ಲಿ ಸೆಕೆಂಡಿಗೆ 340 ಅಡಿ ವೇಗ ಎಂದು ಬರೆದಿತ್ತು. ಆ ಅಂಕಿ ಎಪ್ಪತ್ತು ಪೌಂಡು ಭಾರ, ಮೂವತ್ತು ಇಂಚಿನ ಎಳೆತ, 350 ಗ್ರೇನಿನ ಹಗುರ ಬಾಣ ಇಟ್ಟುಕೊಂಡು ಅಳೆದದ್ದು. ನನ್ನ ಐವತ್ತು ಪೌಂಡಿಗೂ ಮೋಟು ಕೈಗೂ ಅದು ಬೈಕಿನ ಜಾಹೀರಾತಿನ ಮೈಲೇಜ್ ಇದ್ದ ಹಾಗೆ. ನಮ್ಮಲ್ಲಿ ಬೇಟೆಯ ಮಾತೇ ಇಲ್ಲ. ನನ್ನ ಜಿಂಕೆ ಐವತ್ತು ಮೀಟರ್ ದೂರದಲ್ಲಿ ಅಲುಗದೆ ನಿಂತಿರುವ ಕಾಗದ. ಅದಕ್ಕೆ ಬಾಣದ ವೇಗ ಕಂಡು ಗಾಬರಿಯಿಲ್ಲ.

ವೇಗ ಬೇಕಾದವರು ಕ್ಯಾಮನ್ನು ಹೇಗೆ ಕೊರೆಯುತ್ತಾರೆ ಎನ್ನುವುದು ಲೇತಿನವನಿಗೆ ಹೇಳಿಕೊಡಬೇಕಾಗಿಲ್ಲ. ಎಳೆತದ ದೂರವನ್ನು ಅಡ್ಡಕ್ಕೂ ಭಾರವನ್ನು ಉದ್ದಕ್ಕೂ ಗುರುತಿಸಿ ಗೆರೆ ಎಳೆದರೆ, ಆ ಗೆರೆಯ ಕೆಳಗಿನ ಜಾಗವೇ ಬಿಲ್ಲಿನಲ್ಲಿ ತುಂಬಿದ ಶಕ್ತಿ. ಜಾಗ ಹೆಚ್ಚಬೇಕಾದರೆ ಗೆರೆ ಬೇಗ ಮೇಲೇರಬೇಕು, ಮೇಲೇ ಬಹಳ ಹೊತ್ತು ಸಮನಾಗಿ ಓಡಬೇಕು, ಕೊನೆಯ ಗಳಿಗೆಯಲ್ಲಿ ದುಡುಮ್ಮನೆ ಬೀಳಬೇಕು. ಇದು ಗಡಸು ಕ್ಯಾಮ್. ಮೃದು ಕ್ಯಾಮಿನ ಗೆರೆ ನಂದಿಬೆಟ್ಟದ ರಸ್ತೆಯ ಹಾಗೆ ಬಳಸಿ ಏರಿ ಬಳಸಿ ಇಳಿಯುತ್ತದೆ. ಶಕ್ತಿ ಕಡಿಮೆ, ಬಾಣ ತುಸು ನಿಧಾನ. ಎರಡೂ ಬಿಲ್ಲಿನ ಮೇಲೆ ಐವತ್ತು ಪೌಂಡು ಎಂದೇ ಬರೆದಿರುತ್ತದೆ. ಒಂದು ಐವತ್ತು ಇನ್ನೊಂದು ಐವತ್ತಲ್ಲ. ತೂಕದ ಚೀಟಿ ಒಂದೇ ಇರುವ ಎರಡು ಮೂಟೆಗಳಲ್ಲಿ ಒಂದು ಹತ್ತಿ, ಒಂದು ಕಬ್ಬಿಣ ಎಂದರೆ ಹೊತ್ತವನಿಗೆ ಮಾತ್ರ ಅರ್ಥವಾಗುತ್ತದೆ.

ನನ್ನ ಭುಜಕ್ಕೆ ಅರ್ಥವಾಗಲು ನಾಲ್ಕು ತಿಂಗಳು ಹಿಡಿಯಿತು. ಗಡಸು ಕ್ಯಾಮಿನ ಆ ಮೊದಲ ಏರನ್ನು ಹತ್ತಲು ನಾನು ಬಿಲ್ಲನ್ನು ಆಕಾಶಕ್ಕೆತ್ತಿ, ಕೆಳಗಿಳಿಸುತ್ತಾ ಮೈಭಾರ ಹಾಕಿ ಎಳೆಯುವುದನ್ನು ಕಲಿತೆ. ಕಲಿತೆ ಎನ್ನುವುದಕ್ಕಿಂತ ಕಳ್ಳದಾರಿ ಹಿಡಿದೆ. ಅದು ಅಪಾಯ, ಕೈ ಜಾರಿದರೆ ಬಾಣ ಮೈದಾನ ದಾಟಿ ಯಾರ ಮನೆಯ ಟೆರೇಸಿಗೋ ಹೋದೀತು. ಸ್ಪರ್ಧೆಗಳಲ್ಲಿ ಹಾಗೆ ಎಳೆಯಲು ಬಿಡುವುದೂ ಇಲ್ಲ. ಜೊತೆಗೆ ಎಡಭುಜ ಮೇಲೇರಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಗುಡ್ಡ ದಾಟಿ ವಾಲಿಯ ಹತ್ತಿರ ಬಂದ ಮೇಲೂ ಅದು ಇಳಿಯುತ್ತಿರಲಿಲ್ಲ. ಮೇಷ್ಟ್ರು ಹಿಂದಿನಿಂದ ಬಂದು ಭುಜವನ್ನು ಎರಡು ಬೆರಳಿನಿಂದ ಒತ್ತಿ "ಅಂಕಲ್, ಇದನ್ನ ಮನೇಲಿ ಬಿಟ್ಟು ಬನ್ನಿ" ಎನ್ನುತ್ತಿದ್ದರು. ರಾತ್ರಿ ಅದೇ ಭುಜಕ್ಕೆ ಮುಲಾಮು ತಿಕ್ಕುತ್ತಾ ನನ್ನ ಹೆಂಡತಿಯೂ ಹೆಚ್ಚುಕಮ್ಮಿ ಅದನ್ನೇ ಹೇಳುತ್ತಿದ್ದಳು. "ಈ ವಯಸ್ಸಲ್ಲಿ ಯಾವ ಲಂಕೆ ಗೆಲ್ಲಬೇಕಿತ್ತು ನಿಮಗೆ? ವಾಕಿಂಗ್ ಹೋಗಿ ಅಂದ್ರೆ ಕಾಲು ನೋವು ಅಂತೀರ."

ವಾಲಿಯ ಬಗ್ಗೆ ಇನ್ನೊಂದು ಮಾತು ಇದೆ. ಕಣಿವೆಯ ಆಚೆ ಗೋಡೆ. ಕ್ಯಾಮಿಗೆ ಕೂರಿಸಿದ ಸಣ್ಣ ಗೂಟ ಕೇಬಲಿಗೋ ಬಿಲ್ಲಿನ ತೋಳಿಗೋ ತಾಗಿ ಇನ್ನು ಎಳೆಯಲಾಗದು ಎಂದು ನಿಲ್ಲಿಸುವ ಜಾಗ. ತೋಳಿಗೆ ತಾಗುವ ಗೂಟವಾದರೆ ಗೋಡೆ ಕಲ್ಲಿನದು. ಕೇಬಲಿಗೆ ತಾಗುವಂಥದ್ದಾದರೆ ತುಸು ಮೆತ್ತಗೆ, ಹಾಸಿಗೆಗೆ ಒರಗಿದಂತೆ. ಹೊಡೆಯುವವನು ಬೆನ್ನಿನ ರೆಕ್ಕೆಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುತ್ತಾ ಆ ಗೋಡೆಗೆ ಒತ್ತಿಕೊಂಡೇ ಇರಬೇಕು. ಸುಮ್ಮನೆ ಇದ್ದರೆ ಸಾಲದು, ಎಳೆಯುತ್ತಲೇ ಇರಬೇಕು. ಹತ್ತೇ ಪೌಂಡು, ಹಗುರ, ಇನ್ನೇನು ಎಂದು ಮನಸ್ಸು ಸಡಿಲವಾದರೆ ಕೈ ಗೋಡೆಯಿಂದ ಒಂದೆರಡು ದಾರದಷ್ಟು ಮುಂದೆ ಸರಿಯುತ್ತದೆ. ಮೃದು ಕ್ಯಾಮಿನಲ್ಲಿ ಕಣಿವೆ ಅಗಲ. ಅಷ್ಟು ತಪ್ಪಿಗೆ ಕ್ಷಮೆ ಉಂಟು. ಗಡಸು ಕ್ಯಾಮಿನಲ್ಲಿ ಅದು ಚರಂಡಿಯಷ್ಟು ಕಿರಿದು. ಒಂದು ಕೂದಲೆಳೆ ಸರಿದರೆ ಸಾಕು, ಕ್ಯಾಮ್ ಹಿಂದಕ್ಕೆ ಹೊರಳಿ ಕಿತ್ತುಕೊಂಡ ನಲವತ್ತು ಪೌಂಡನ್ನೂ ಒಂದೇ ಏಟಿಗೆ ವಾಪಸ್ ಮಾಡುತ್ತದೆ. ಆಗ ಬಿಲ್ಲು ನಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಮೊದಲ ಬಾರಿ ಹಾಗಾದಾಗ ನಾನು ಎರಡು ಹೆಜ್ಜೆ ಮುಂದೆ ನಡೆದೆ. ಪಕ್ಕದ ಲೇನಿನ ಹುಡುಗಿ ಸಭ್ಯಳು. ಆಚೆ ತಿರುಗಿ ನಕ್ಕಳು.

ಭಾರದಲ್ಲಿ ಯಾರೂ ಅಜಾಗರೂಕರಾಗುವುದಿಲ್ಲ. ಹಗುರಾದ ಮೇಲೇ ನನ್ನ ಮೈ ಕಳ್ಳಾಟ ಶುರುಮಾಡುತ್ತಿದ್ದದ್ದು: ಮೊಣಕೈ ಇಳಿಯುವುದು, ಗದ್ದ ಹೆದೆಯ ಕಡೆಗೆ ಹೋಗುವುದು, ಬೆನ್ನಿನ ಕೆಲಸವನ್ನು ಮುಂಗೈ ತೆಗೆದುಕೊಳ್ಳುವುದು, ಹೆದೆ ಬಿಡಿಸುವ ರಿಲೀಸಿನ ಗುಂಡಿಯ ಮೇಲಿದ್ದ ಹೆಬ್ಬೆರಳು ಗುರಿಯ ನಡುವಿನ ಹಳದಿ ಬಣ್ಣ ಕಂಡ ತಕ್ಷಣ ಡೋರ್‌ಬೆಲ್ ಒತ್ತುವ ಹಾಗೆ ಒತ್ತಿಬಿಡುವುದು. ಐವತ್ತು ಮೀಟರಿನ ಗುರಿಯಲ್ಲಿ ಹತ್ತರ ವೃತ್ತ ಎಂಟು ಸೆಂಟಿಮೀಟರ್, ಮನೆಯ ಇಡ್ಲಿಯಷ್ಟು. ಹೆಬ್ಬೆರಳಿನ ಆ ಅವಸರಕ್ಕೆ ಬಾಣ ಇಡ್ಲಿ ಬಿಟ್ಟು ತಟ್ಟೆಯ ಅಂಚಿಗೆ ಹೋಗುತ್ತಿತ್ತು.

ಆಗ ನಾನು ಮಾಡಿದ್ದು ಪ್ರತಿ ಸೆಟ್ಟರೂ ಮಾಡುವ ಕೆಲಸ: ಮೆಷಿನನ್ನು ದೂರಿದೆ. ಮೇಷ್ಟ್ರು ವಾದಿಸಲಿಲ್ಲ. ಬಿಲ್ಲನ್ನು ಒಂದು ಹಲಗೆಗೆ ಕಟ್ಟಿ, ಸಣ್ಣ ವಿಂಚಿನಿಂದ ಹೆದೆಯನ್ನು ನಿಧಾನ ಎಳೆದು ತೋರಿಸಿದರು. ಇದಕ್ಕೆ ಡ್ರಾ ಬೋರ್ಡ್ ಎನ್ನುತ್ತಾರೆ. ಮೇಲಿನ ಕ್ಯಾಮಿನ ಗೂಟ ಮೊದಲು ತಾಗಿತು. ಕೆಳಗಿನದು ಒಂದು ಕ್ಷಣ ತಡವಾಗಿ. ಅಟ್ಟದ ಸೆಕೆಗೆ ಒಂದು ಕೇಬಲ್ ಹಿಗ್ಗಿತ್ತು. ನನಗೆ ಗೋಡೆ ಎರಡು ಸಲ ಸಿಕ್ಕಂತೆ, ಕೊನೆಯಲ್ಲಿ ಏನೋ ರಬ್ಬರಿನ ಹಾಗೆ ಅನ್ನಿಸುತ್ತಿದ್ದುದು ಭ್ರಮೆಯಲ್ಲ ಎಂದಾಯಿತು. ಬಾಣ ಮೇಲೆ ಕೆಳಗೆ ಚದರುತ್ತಿದ್ದುದಕ್ಕೂ ಅರ್ಧ ಕಾರಣ ಸಿಕ್ಕಿತು. ಎರಡು ಕ್ಯಾಮಿನ ಬಿಲ್ಲಿಗೆ ಇದು ಹುಟ್ಟುರೋಗ. ಎರಡೂ ಒಟ್ಟಿಗೆ ಹೊರಳಬೇಕು, ಜೋಡೆತ್ತಿನ ಹಾಗೆ. ಇದರ ತಲೆನೋವು ಬೇಡವೆಂದೇ ಕೆಲವರು ಕೆಳಗೊಂದೇ ಕ್ಯಾಮ್ ಇಟ್ಟು ಮೇಲೆ ಬರಿ ಗುಂಡು ಗಾಲಿ ಹಾಕಿದರು. ಇನ್ನು ಕೆಲವರು ಕೇಬಲುಗಳನ್ನು ಒಂದು ಕ್ಯಾಮಿನಿಂದ ಇನ್ನೊಂದು ಕ್ಯಾಮಿಗೇ ಕಟ್ಟಿ, ಒಂದು ಹೊರಳಿದರೆ ಇನ್ನೊಂದೂ ಹೊರಳಲೇಬೇಕು ಎಂದು ಮಾಡಿದರು, ಅದು ಬೈನರಿ. ನಮ್ಮ ಬಿಲ್ಲಿಗೆ ಮಾತ್ರ ಹಳೆಯ ಮದ್ದೇ: ಪ್ರೆಸ್ಸಿಗೆ ಹಾಕಿ, ತೋಳು ಅದುಮಿ, ಕೇಬಲಿಗೆ ಅರ್ಧ ಸುತ್ತು ಹುರಿ ಕೊಡುವುದು. ಪೀಣ್ಯದಲ್ಲಿ ಪ್ರೆಸ್ ಎಂದರೆ ಬೆರಳು ತಿನ್ನುವ ಯಂತ್ರ. ಅಷ್ಟು ಮೆಲ್ಲಗೆ ಅದುಮುವ ಪ್ರೆಸ್ಸನ್ನು ನಾನು ಮೊದಲು ನೋಡಿದ್ದು ಅಲ್ಲೇ.

ಇನ್ನರ್ಧ ಕಾರಣ ಅಳತೆಯದು. ಎರಡೂ ಕೈ ಚಾಚಿ ಗೋಡೆಗೆ ನಿಲ್ಲಿಸಿ ಮೇಷ್ಟ್ರು ನನ್ನನ್ನು ಅಳೆದರು. ಅರವತ್ತೆಂಟು ಇಂಚು, ಎರಡೂವರೆಯಿಂದ ಭಾಗಿಸಿದರೆ ಇಪ್ಪತ್ತೇಳು ಚಿಲ್ಲರೆ. ಬಿಲ್ಲು ಇಪ್ಪತ್ತೆಂಟೂವರೆಗೆ ಕೂತಿತ್ತು. ಒಂದು ಇಂಚಿಗೇನು ಎನ್ನಬಾರದು. ರಿಕರ್ವ್ ಬಿಲ್ಲಾದರೆ ಕೈ ಮುಗಿದಲ್ಲಿ ಎಳೆತ ಮುಗಿಯಿತು. ಕ್ಯಾಮಿನ ಬಿಲ್ಲು ಹಾಗಲ್ಲ. ಗೋಡೆ ಎಲ್ಲಿದೆಯೋ ಅಲ್ಲಿಗೆ ನಾವೇ ಹೋಗಬೇಕು. ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ನಾನು ಆ ಒಂದಿಂಚನ್ನು ತುಂಬಲು ಸೊಂಟ ಹಿಂದಕ್ಕೆ ವಾಲಿಸಿ, ಎಡಮೊಣಕೈ ಸೆಟೆದು, ತಲೆ ಹಿಂದೆ ಹಾಕಿ ನಿಲ್ಲುತ್ತಿದ್ದೆ. ಹೆದೆ ಮುಂಗೈಗೆ ಚಟೀರೆಂದು ಬಾರಿಸುತ್ತಿದ್ದುದೂ ಅದಕ್ಕೇ. ನಾಲ್ಕು ತಿಂಗಳಿಂದ ನನ್ನ ನಿಲುವಿನ ದೋಷ ಎಂದುಕೊಂಡದ್ದರಲ್ಲಿ ಎಷ್ಟೋ ಕ್ಯಾಮಿನ ಆಜ್ಞಾಪಾಲನೆ ಆಗಿತ್ತು. ಕೆಲವು ಕ್ಯಾಮುಗಳಲ್ಲಿ ಮಾಡ್ಯೂಲ್ ಎಂಬ ಸಣ್ಣ ತುಂಡನ್ನು ತಿರುಗಿಸಿ ಅಳತೆ ಕಡಿಮೆ ಮಾಡಬಹುದು. ನನ್ನದರಲ್ಲಿ ಅಂಥ ಸೌಕರ್ಯ ಇರಲಿಲ್ಲ. ಕ್ಯಾಮನ್ನೇ ಬದಲಿಸಬೇಕು, ಇಲ್ಲವೆ ಬಿಲ್ಲನ್ನು.

ಬಿಲ್ಲನ್ನೇ ಬದಲಿಸಿದೆ. ಎಷ್ಟಕ್ಕೆ ಎನ್ನುವುದು ಈ ಲೇಖನವನ್ನು ಮನೆಯಲ್ಲಿ ಓದುವವರಿರುವುದರಿಂದ ಬೇಡ. ಮೂವತ್ತೆಂಟು ಇಂಚಿನ ಉದ್ದನೆಯ ಗುರಿಬಿಲ್ಲು, ಮೃದು ಕ್ಯಾಮ್, ಇಪ್ಪತ್ತೇಳು ಇಂಚು. ಮೊದಲ ಸಲ ಎಳೆದಾಗ ಏರು ಎಲ್ಲಿ ಮುಗಿದು ಇಳಿಜಾರು ಎಲ್ಲಿ ಶುರುವಾಯಿತು ಎಂದೇ ತಿಳಿಯಲಿಲ್ಲ. ಭುಜ ತಾನಾಗಿ ಕೆಳಗಿತ್ತು. ಭುಜವನ್ನು ಮನೆಯಲ್ಲಿ ಬಿಟ್ಟು ಬರುವ ವಿದ್ಯೆ ನನಗೆ ಬಂತೆಂದಲ್ಲ. ಈ ಕ್ಯಾಮ್ ಅದನ್ನು ಕರೆಯಲಿಲ್ಲ, ಅದು ಬರಲಿಲ್ಲ.

ಆದರೆ ಮೇಷ್ಟ್ರು ಇನ್ನೊಂದು ಕೆಲಸ ಮಾಡಿದರು, ನನಗೆ ಮೊದಲು ಸಿಟ್ಟೇ ಬಂತು. ಲೆಟ್‌ಆಫನ್ನು ಎಂಬತ್ತರಿಂದ ಎಪ್ಪತ್ತಕ್ಕೆ ಇಳಿಸಿದರು. ಅಂದರೆ ಗುರಿ ಹಿಡಿಯುವಾಗ ಬೆರಳಿನ ಮೇಲೆ ಹತ್ತರ ಬದಲು ಹದಿನೈದು ಪೌಂಡು. "ಅಲ್ಲ ಮೇಷ್ಟ್ರೇ, ದುಡ್ಡು ಕೊಟ್ಟು ಭಾರ ತಗೊಳ್ಳೋದಾ?" ಎಂದೆ. "ಹೊಡೆದು ನೋಡಿ ಅಂಕಲ್" ಎಂದರು. ಹೊಡೆದೆ. ಗುರಿ ನೋಡುವ ಲೆನ್ಸಿನೊಳಗಿನ ಚುಕ್ಕೆ ಹಿಂದೆ ಹಳದಿಯ ತುಂಬ ಸೊಳ್ಳೆಯ ಹಾಗೆ ಹಾರಾಡುತ್ತಿದ್ದದ್ದು ಈಗ ತೂಗುತ್ತಿತ್ತು, ಅಷ್ಟೇ. ಖಾಲಿ ಕೊಡ ಬಾವಿಗಿಳಿಯುವಾಗ ಗಾಳಿಗೆ ಓಲಾಡಿ ಗೋಡೆಗೆ ಬಡಿಯುತ್ತದೆ. ನೀರು ತುಂಬಿದ್ದು ನೆಟ್ಟಗೆ ಬರುತ್ತದೆ. ಒಂದಿಷ್ಟು ಭಾರ ಕೈಗೆ ತಾನು ಯಾವ ಕಡೆಗೆ ಹೋಗಬೇಕೆಂದು ಹೇಳುತ್ತದೆ. ದೊಡ್ಡ ಆಟಗಾರರಲ್ಲೂ ಬಹಳ ಮಂದಿ ಹೀಗೆ ಬೇಕೆಂದೇ ಸ್ವಲ್ಪ ಭಾರ ಉಳಿಸಿಕೊಳ್ಳುತ್ತಾರಂತೆ.

ದೊಡ್ಡ ಆಟಗಾರರ ಮಾತು ಬಂತು. ಕಾಂಪೌಂಡ್ ಬಿಲ್ಲಿಗೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಾಗ ಸಿಕ್ಕಿದ್ದು 1995ರಲ್ಲಿ. ಒಲಿಂಪಿಕ್ ಬಾಗಿಲು ತೆರೆಯುವುದು 2028ಕ್ಕೆ, ಲಾಸ್ ಏಂಜಲೀಸ್‌ನಲ್ಲಿ, ಅದೂ ಮಿಶ್ರ ಜೋಡಿಗೆ ಮಾತ್ರ. ರಾಟೆ ಕಟ್ಟಿದ್ದು ಬಿಲ್ಲೇ ಅಲ್ಲ ಎನ್ನುವ ಮಡಿವಂತರು ಇನ್ನೂ ಇದ್ದಾರೆ. ಅವರಿಗೆ ನಾನು 2023ರ ಬರ್ಲಿನ್ನಿನ ಅದಿತಿ ಸ್ವಾಮಿಯನ್ನು ತೋರಿಸುತ್ತೇನೆ. ಹದಿನೇಳಕ್ಕೆ ವಿಶ್ವ ಚಾಂಪಿಯನ್. ಅದೇ ಕೂಟದ ಫೈನಲಿನಲ್ಲಿ ಓಜಸ್ ದೇವತಳೆ ಹದಿನೈದು ಬಾಣಕ್ಕೆ ನೂರೈವತ್ತಕ್ಕೆ ನೂರೈವತ್ತು ತೆಗೆದ. ಆದರೆ ಕ್ಯಾಮ್ ಎಂದರೇನು ಎಂದು ನನಗೆ ಮನದಟ್ಟಾದದ್ದು ಶೀತಲ್ ದೇವಿಯನ್ನು ನೋಡಿ. ಜಮ್ಮುವಿನ ಕಿಶ್ತವಾಡದ ಈ ಹುಡುಗಿಗೆ ಹುಟ್ಟಿನಿಂದಲೇ ಎರಡೂ ಕೈಯಿಲ್ಲ. ಕುರ್ಚಿಯಲ್ಲಿ ಕೂತು ಬಲಗಾಲಿನಿಂದ ಬಿಲ್ಲೆತ್ತಿ, ಬಲಭುಜಕ್ಕೆ ಕಟ್ಟಿದ ರಿಲೀಸಿಗೆ ಹೆದೆ ಸಿಕ್ಕಿಸಿ, ಕಾಲನ್ನು ಮುಂದಕ್ಕೆ ತಳ್ಳುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಳು. ಅವಳು ಎಳೆಯುವುದನ್ನು ನಾನು ಫೋನಿನಲ್ಲಿ ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೋ. ನಾನು ನೋಡುತ್ತಿದ್ದದ್ದು ಕಾಲನ್ನಲ್ಲ, ಭುಜವನ್ನು. ಅದು ಮೇಲೇರುವುದಿಲ್ಲ.

ಹಳೆಯ ಬಿಲ್ಲನ್ನು ಕೊಳ್ಳುವವರು ಸಿಗಲಿಲ್ಲ. ಒಂದು ಭಾನುವಾರ ಅದರ ಕ್ಯಾಮೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಚಟ. ಬಿಳಿ ಹಾಳೆಯ ಮೇಲೆ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ, ಆಕ್ಸಲಿನ ತೂತಿನಿಂದ ವೃತ್ತ ಬರೆದೆ, ನೂರು ಭಾಗ ಮಾಡಿದೆ. ಎಷ್ಟು ಚೆನ್ನಾಗಿ ಕೊರೆದಿದ್ದಾರೆ! ಒಂದು ಕಡೆಯೂ ಅರದ ಗುರುತಿಲ್ಲ. ಯಾವುದೋ ದೇಶದಲ್ಲಿ ಯಾವನೋ ನನ್ನಂಥವನೇ ಕೂತು, ಇಲ್ಲಿಂದ ಇಲ್ಲಿಗೆ ಏರಿಸೋಣ, ಇಷ್ಟು ಹೊತ್ತು ತಡೆಯೋಣ, ಇಲ್ಲಿ ಬಿಡೋಣ ಎಂದು ಲೆಕ್ಕ ಹಾಕಿದ್ದು ಕಾಣುತ್ತಿತ್ತು. ಅವನು ಮೋಸ ಮಾಡಿರಲಿಲ್ಲ. ಅವನ ಲೆಕ್ಕದಲ್ಲಿ ನಾನಿರಲಿಲ್ಲ. ಹೆದೆಯ ಜಾಡಿನ ಅಂಚಿನ ಮೇಲೆ ತೋರುಬೆರಳನ್ನು ಮೆಲ್ಲಗೆ ಓಡಿಸಿದೆ. ಏರು. ಇನ್ನೂ ಏರು. ಸಮ. ಅಂಚು ಒಮ್ಮೆಲೇ ಹೊರಳುವ ಆ ಮೂಲೆಗೆ ಬೆರಳು ಇನ್ನೂ ಬಂದಿರಲಿಲ್ಲ.

"ಏನ್ರೀ ಅದು," ಎಂದಳು ಕಾಫಿ ಇಡಲು ಬಂದ ಹೆಂಡತಿ, "ಒಬ್ಬರೇ ಕೂತ್ಕೊಂಡು ಭುಜ ಯಾಕೆ ಏರಿಸ್ತಿದೀರ?"